ಸುಭದ್ರಾಬಾಯಿಯವರ ಕೆಲಸದ ಅಳತೆ

ಬಲವನ್ನು ದೂರದಿಂದ ಗುಣಿಸಿದರೆ ಬರುವುದೇ ಕೆಲಸ, ಉಳಿದದ್ದು ಕೆಲಸವಲ್ಲ. ಭಾಲ್ಕಿಯ ಒಂದು ಸಣ್ಣ ಕಚೇರಿಗೆ ಮೇಲಿನಿಂದ ಬಂದ ಸುತ್ತೋಲೆ ಹೀಗೆಂದು ಸ್ಪಷ್ಟಪಡಿಸಿತ್ತು. ಪ್ರತಿ ವರ್ಷ ಮಾರ್ಚ್ ಕೊನೆಗೆ ಯಾರ ಕೆಲಸ ಸೊನ್ನೆ ಇರುವುದೋ ಅಂಥ ಹಂಗಾಮಿ ನೌಕರರನ್ನು ಮುಂದುವರಿಸತಕ್ಕದ್ದಲ್ಲ. ಕಾಯಂ ನೌಕರರಿಗೆ ಇದು ಅನ್ವಯಿಸುವುದಿಲ್ಲ.

ಸುಭದ್ರಾಬಾಯಿ ಹನ್ನೊಂದು ವರ್ಷದಿಂದ ಅಲ್ಲಿ ಹಂಗಾಮಿ ಜವಾನರು. ಅಧೀಕ್ಷಕ ಸತೀಶಕುಮಾರರು ಆಕೆಗೆ ಕಬ್ಬಿಣದ ಅಲಮಾರಿಯೊಂದನ್ನು ತೋರಿಸಿ ಸರಿಸಲು ಹೇಳಿದರು. ಅದು ಹಳೆಯ ಪಹಣಿಗಳ ಕೋಣೆಯ ಬಾಗಿಲಿಗೆ ಅಡ್ಡ ನಿಂತಿತ್ತು. ಸಾಯಗಾಂವದ ರೈತ ದತ್ತಾತ್ರಿ ಎರಡು ತಿಂಗಳಿಂದ ಕೇಳುತ್ತಿದ್ದ ಪಹಣಿಯೂ ಆ ಕೋಣೆಯಲ್ಲೇ ಇತ್ತು.

ಸೆರಗು ಸೊಂಟಕ್ಕೆ ಸಿಕ್ಕಿಸಿ ಸುಭದ್ರಾಬಾಯಿ ಮೂರು ದಿನ ನೂಕಿದರು. ಹೆಗಲು ಕೊಟ್ಟರು, ಬೆನ್ನು ಕೊಟ್ಟರು. ಅಲಮಾರಿ ಜಪ್ಪಯ್ಯ ಎನ್ನಲಿಲ್ಲ. ಸತೀಶಕುಮಾರರು ಟೇಪು ಹಿಡಿದು ಅಳೆದರು.

"ಸೊನ್ನಿ ಬಂತ್ರಿ ಬಾಯಿ. ಮೂರು ದಿನ ನೀವು ಏನೂ ಕೆಲಸ ಮಾಡಿಲ್ಲ."

"ರಟ್ಟಿ ಎತ್ತಲಿಕ್ಕ ಆಗವಲ್ದರಿ ಸಾಹೇಬ್ರ. ಹಂಗಿದ್ರ ಇಷ್ಟು ಬೆವರು ಯಾಕ ಬಂತ್ರಿ?"

ಸತೀಶಕುಮಾರರು ಕೆಟ್ಟವರಲ್ಲ. ರಿಜಿಸ್ಟರಿನ ಹಾಳೆಗಳನ್ನು ಹಿಂದೆ ಮುಂದೆ ತಿರುವಿ ನಿಜವಾಗಿಯೂ ಹುಡುಕಿದರು.

"ಬೆವರಿಗೆ ಕಾಲಂ ಇಲ್ರಿ," ಎಂದರು.

ಮನೆಯಲ್ಲಿ ಮಗಳು ಪೂನಮ ತಾಯಿಯ ಹೆಗಲಿಗೆ ಎಣ್ಣೆ ತಿಕ್ಕಿದಳು. ಕಾಲೇಜಿನಲ್ಲಿ ವಿಜ್ಞಾನ ಓದುವ ಹುಡುಗಿ. "ಹಗುರಂದು ನೂಕವ್ವ," ಎಂದಳು, "ದೂರ ನೂಕು."

ಮರುದಿನ ಸುಭದ್ರಾಬಾಯಿ ಅಧೀಕ್ಷಕರ ಗಾಲಿಯ ಕುರ್ಚಿಯನ್ನು ಖಾಲಿಯಾಗಿಯೇ ವರಾಂಡದ ಈ ತುದಿಯಿಂದ ಆ ತುದಿಗೆ ನೂಕಿದರು. ಅರವತ್ತು ಅಡಿ. ದಿನಕ್ಕೆ ನಲವತ್ತು ಸಲ. ವಾಪಸ್ ತಂದದ್ದನ್ನು ಬೇರೆ ರಿಜಿಸ್ಟರಿನಲ್ಲಿ ಬರೆಯುತ್ತಿದ್ದುದರಿಂದ ಕಳೆಯುವ ಪ್ರಸಂಗ ಬರಲಿಲ್ಲ. ಮೊದಲೆರಡು ದಿನ ಆಕೆಗೆ ಜನರ ಮುಖ ನೋಡಲು ನಾಚಿಕೆಯಾಯಿತು. ಸತೀಶಕುಮಾರರು ನಿಂತುಕೊಂಡೇ ಸಹಿ ಹಾಕುವುದನ್ನು ರೂಢಿಸಿಕೊಂಡರು.

ಮಾರ್ಚ್ ಮುಗಿಯಿತು. ಇಡೀ ತಾಲೂಕಿನಲ್ಲಿ ಅತಿ ಹೆಚ್ಚು ಕೆಲಸ ಸುಭದ್ರಾಬಾಯಿಯವರದೇ ಎಂದು ಪ್ರಶಂಸಾಪತ್ರ ಬಂತು. ಜೊತೆಗೆ ಮುಂದುವರಿಕೆಯ ಆದೇಶವೂ.

ಏಪ್ರಿಲ್ ಮೊದಲ ವಾರ ದತ್ತಾತ್ರಿ ಮತ್ತೆ ಬಂದ. "ನನ್ನ ಪಹಣಿ ಏನಾಯ್ತ್ರಿ?"

ಸುಭದ್ರಾಬಾಯಿ ಕುರ್ಚಿ ನಿಲ್ಲಿಸಿದರು. "ಅಲಮಾರಿ ಹಂಗೇ ಅದರಿ ಅಣ್ಣಾ. ಇಬ್ಬರೂ ಕೂಡಿ ಒಮ್ಮಿ ನೂಕಿ ನೋಡೋಣೇನ್ರಿ?"

ಸತೀಶಕುಮಾರರು ಒಳಗಿನಿಂದಲೇ ಎಚ್ಚರಿಸಿದರು. "ಅದು ಸರೀಲಿಲ್ಲಂದ್ರ ಇವತ್ತಿನ ದಿನ ಸೊನ್ನಿ ಬೀಳ್ತದರಿ. ಮುಂದ ಆಕಿ ನೌಕರಿಗೇ ಬರ್ತದ, ನೋಡ್ರಿ."

ದತ್ತಾತ್ರಿ ತುಸು ಹೊತ್ತು ಅಲಮಾರಿಯನ್ನು ನೋಡಿದ, ಆಕೆಯನ್ನು ನೋಡಿದ. ಆಮೇಲೆ ಕುರ್ಚಿಗೆ ದಾರಿಯಾಗಲೆಂದು ಗೋಡೆಗೆ ಸರಿದು ನಿಂತ.

"ಬ್ಯಾಡ್ರಿ ಬಾಯಿ," ಎಂದ. "ನೀವು ಕೆಲಸ ಮಾಡ್ರಿ. ನಾ ಮುಂದಿನ ವಾರ ಬರ್ತೇನಿ."