ಮೂವತ್ತೊಂದು ನಿಯಮಗಳ ಬಡಾವಣೆ

ನಮ್ಮ ಬಡಾವಣೆಯಲ್ಲಿ ಭಾನುವಾರ ಒಂದು ನಿಯಮ ಮಾಡಿದರೆ, ಗುರುವಾರದೊಳಗೆ ಅದನ್ನು ಪೇಚಿಗೆ ಸಿಕ್ಕಿಸುವ ಏನಾದರೊಂದು ಗೇಟಿನ ಮುಂದೆ ಬಂದು ನಿಂತಿರುತ್ತದೆ. ಯಾರೂ ಬೇಕಂತ ಮಾಡುವುದಿಲ್ಲ. ತಾನಾಗಿಯೇ ಆಗುತ್ತದೆ, ಆಗುತ್ತಲೇ ಇರುತ್ತದೆ.

ಕೊಟ್ಟೂರಿನ ಹೊರಗೆ, ಕೂಡ್ಲಿಗಿ ರಸ್ತೆಗೆ ಹೊಂದಿಕೊಂಡ ಬಡಾವಣೆ ನಮ್ಮದು. ಮೂವತ್ತೆರಡು ಮನೆ, ಒಂದು ಗೇಟು, ಒಬ್ಬ ವಾಚ್‌ಮನ್. ನಾನು ಪಶು ಆಸ್ಪತ್ರೆಯಲ್ಲಿ ಕೆಲಸದವನು. ಹುದ್ದೆಗೆ ಸರ್ಕಾರ ಇಟ್ಟ ಹೆಸರು ಬೇರೆ, ಸುತ್ತಲ ಹಳ್ಳಿಯವರಿಗೆಲ್ಲ ನಾನು ದನದ ಡಾಕ್ಟ್ರು. ನಿವಾಸಿಗಳ ಸಂಘ ಹುಟ್ಟುವ ಮೊದಲು ನಮ್ಮಲ್ಲಿ ಬೀದಿ ದೀಪ ಹಗಲು ಉರಿದು ರಾತ್ರಿ ಮಲಗುತ್ತಿತ್ತು. ಚರಂಡಿಯ ನೀರು ರಸ್ತೆಯಲ್ಲಿ, ಹಂದಿಗಳು ಅಂಗಳದಲ್ಲಿ. ಸಂಘ ಬಂತು, ಚರಂಡಿ ಚೊಕ್ಕವಾಯಿತು, ನಲ್ಲಿಯಲ್ಲಿ ಹೊತ್ತಿಗೆ ಸರಿಯಾಗಿ ನೀರು ಬಂತು, ಹಂದಿಗಳು ಪಕ್ಕದ ಬಡಾವಣೆಗೆ ವರ್ಗವಾದವು. ಇಷ್ಟೆಲ್ಲ ಸುಖ ಕೊಟ್ಟವರು ಜೊತೆಗೆ ಮೂವತ್ತೊಂದು ನಿಯಮ ಕೊಟ್ಟರೆ ಬೇಡ ಎನ್ನುವುದು ಹೇಗೆ?

ನಿಯಮಗಳನ್ನು ಬರೆದವರು ನಮ್ಮ ಅಧ್ಯಕ್ಷರು. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರು. ಸೇವೆಯುದ್ದಕ್ಕೂ ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದ ಅವರಿಗೆ, ನಿವೃತ್ತಿಯ ನಂತರ ಸಾಲಾಗಿ ನಿಲ್ಲಿಸಲು ನಾವು ಸಿಕ್ಕೆವು. ಕೊರಳಲ್ಲಿ ಸೀಟಿ ಈಗಲೂ ಇದೆ.

ಮೂರು ಸಲ ಕೂಗಿದ್ದು

ಸಂಘದ ಮೊದಲ ಸಭೆಯ ದಿನ ನಾನು ಊರಲ್ಲಿರಲಿಲ್ಲ. ಒಂದು ಹಳ್ಳಿಯಲ್ಲಿ ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿತ್ತು. ಮುಂಜಾನೆ ಹೋದವನು ಮಧ್ಯಾಹ್ನ ದಾಟಿದ ಮೇಲೆ, ಮೈಕೈ ಎಲ್ಲ ಹೊಲಸು ಮಾಡಿಕೊಂಡು ಮನೆಗೆ ಬಂದೆ. ಬಾಗಿಲಲ್ಲೇ ಹೆಂಡತಿ ಹೇಳಿದಳು: "ಒಳಗ ಬರಬ್ಯಾಡ್ರಿ, ಮೊದಲು ಸ್ನಾನ ಮಾಡ್ರಿ. ಮತ್ತ, ನೀವು ಸಂಘದ ಕಾರ್ಯದರ್ಶಿ ಆಗೀರಿ."

ಸ್ನಾನ ಮರೆತು ಅಧ್ಯಕ್ಷರ ಮನೆಗೆ ಓಡಿದೆ. "ನನ್ನ ಒಂದು ಮಾತು ಕೇಳಬಾರದಿತ್ತೇನ್ರಿ ಸಾಹೇಬ್ರ? ನನಗ ಒಂದು ದಿನ ಬಿಡುವಿಲ್ಲ."

ಅವರು ಮೂಗು ಮುಚ್ಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದು ಹೇಳಿದರು: "ಕೇಳಿದ್ವಲ್ರಿ! ನಿಮ್ಮ ಹೆಸರು ಮೂರು ಸಲ ಕೂಗಿದ್ವಿ. ಒಂದು ಸಲನೂ ನೀವು ಬ್ಯಾಡ ಅನ್ನಲಿಲ್ಲ."

ಸಂಡಿಗೆ

ನಮ್ಮ ಎದುರು ಮನೆ ಶೇಂಗಾ ವ್ಯಾಪಾರದ ಸಾಹುಕಾರರದು. ಅವರ ತಾಯಿಗೆ ಎಂಬತ್ತರ ಹತ್ತಿರ ವಯಸ್ಸು. ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಬೇಸಿಗೆ ಬಂತೆಂದರೆ ಅಜ್ಜಿ ಮನೆ ಮುಂದಿನ ರಸ್ತೆಗೆ ಹಳೆ ಸೀರೆ ಹಾಸಿ ಅಕ್ಕಿ ಸಂಡಿಗೆ ಇಡುತ್ತಿದ್ದರು. ಆದರೆ ಒಂಬತ್ತನೇ ನಿಯಮ ಹೇಳುತ್ತದೆ: "ರಸ್ತೆಯಲ್ಲಿ ಏನನ್ನೂ ಒಣಗಿಸತಕ್ಕದ್ದಲ್ಲ."

ಅಧ್ಯಕ್ಷರು ಸೀಟಿ ಊದುತ್ತಾ ಬಂದರು. ಕಾರ್ಯದರ್ಶಿ ಎಂಬ ತಪ್ಪಿಗೆ ನಾನೂ ಹಿಂದೆ ಇದ್ದೆ.

"ಯವ್ವಾ, ಇಲ್ಲಿ ಒಣಗಸಂಗಿಲ್ಲ. ನಿಯಮ ಐತಿ."

ಅಜ್ಜಿ ತಲೆ ಎತ್ತದೆ ಹೇಳಿದರು, "ನಾನೆಲ್ಲಿ ಒಣಗಸಾಕತ್ತೀನಪ್ಪ? ಬರೇ ಹಾಸೀನಿ. ಒಣಗಸಾಂವ ಸೂರ್ಯ. ಅವಗ ಹೇಳು."

ಅಧ್ಯಕ್ಷರು ಸೋಲುವವರಲ್ಲ. "ಹಂಗಾರ ಒಣಗಿದ ಕೂಡಲೆ ತಗೀಬೇಕು. ಒಂದು ನಿಮಿಷ ಹೆಚ್ಚಾಗಂಗಿಲ್ಲ."

"ಒಣಗೈತೋ ಇಲ್ಲೋ ನನ್ನ ಕಣ್ಣಿಗೆ ಕಾಣಂಗಿಲ್ಲ. ನೀನ ಒಂದು ತಿಂದು ನೋಡು."

ಅಧ್ಯಕ್ಷರು ಕೂತು ಒಂದನ್ನು ಬಾಯಿಗೆ ಹಾಕಿಕೊಂಡರು. ಹಸಿ ಇತ್ತು. ರುಚಿಯೂ ಇತ್ತು. ಇನ್ನೊಂದು ನೋಡಿದರು. ನಡುವೆ ಒಂದು ಕಾಗೆ ಬಂದು ಸೀರೆಯ ಅಂಚಿಗೆ ಇಳಿಯಿತು. ಅವರಿಗೆ ಅರಿವಿಲ್ಲದೆ ಸೀಟಿ ಬಾಯಿಗೆ ಹೋಯಿತು. ಕಾಗೆ ಹಾರಿತು.

"ಅಯ್ಯ, ಇಷ್ಟು ದಿನ ಎಲ್ಲಿದ್ದೆಪ್ಪ ನೀನು!" ಎಂದು ಅಜ್ಜಿ ಎದ್ದು ಒಳಗೆ ಹೋಗಿ ಮಲಗಿಬಿಟ್ಟರು.

ಅಧ್ಯಕ್ಷರು ಬಿಸಿಲಿಳಿಯುವವರೆಗೆ ಕೊಡೆ ಹಿಡಿದು ಅಲ್ಲೇ ಕೂತು ಸೀಟಿ ಊದಿದರು. ಮರುದಿನ ಅವರ ಮನೆಗೆ ಒಂದು ಡಬ್ಬಿ ಸಂಡಿಗೆ ಹೋಯಿತು. ಮುಂದಿನ ಸಭೆಯಲ್ಲಿ ನಾನು ತಿದ್ದುಪಡಿ ಬರೆದುಕೊಂಡೆ: "ಸಂಡಿಗೆ, ಹಪ್ಪಳ ಮತ್ತು ಅಧ್ಯಕ್ಷರು ರುಚಿ ನೋಡಿ ಒಪ್ಪುವ ಇತರ ಪದಾರ್ಥಗಳನ್ನು ಹೊರತುಪಡಿಸಿ."

ಒಂದೇ ಬಣ್ಣ

ಹದಿನಾಲ್ಕನೇ ನಿಯಮದಂತೆ ಎಲ್ಲ ಮನೆಗೂ ಕೆನೆ ಬಣ್ಣ, ಎಲ್ಲ ಗೇಟಿಗೂ ಕಂದು ಬಣ್ಣ ಆಯಿತು. ದೂರದಿಂದ ನೋಡಿದರೆ ಬಡಾವಣೆ ಚೆಂದ ಕಾಣುತ್ತಿತ್ತು. ಹತ್ತಿರದಿಂದ ನೋಡಿದರೆ ಯಾರ ಮನೆ ಯಾವುದೆಂದು ತಿಳಿಯುತ್ತಿರಲಿಲ್ಲ.

ಒಂದು ದಿನ ಊಟಕ್ಕೆಂದು ಮನೆಗೆ ಬಂದರೆ, ನಮ್ಮ ಪಡಸಾಲೆಯ ಮಂಚದ ಮೇಲೆ ಬಿಳಿ ಪಂಚೆಯ ಹಿರಿಯರೊಬ್ಬರು ನನ್ನ ದಿಂಬಿಗೆ ತಲೆ ಕೊಟ್ಟು ಗೊರಕೆ ಹೊಡೆಯುತ್ತಿದ್ದರು. ಮೆಲ್ಲಗೆ ಅಡುಗೆ ಮನೆಗೆ ಹೋಗಿ ಕೇಳಿದೆ, "ಯಾರಿವರು?"

ಹೆಂಡತಿ ಕಣ್ಣು ಅಗಲ ಮಾಡಿದಳು. "ನಿಮ್ಮ ಕಡೆಯವರಲ್ಲೇನ್ರಿ? ಯಜಮಾನ್ರು ಅದಾರೇನವಾ ಅಂದ್ರು. ಡ್ಯೂಟಿಗೆ ಹೋಗ್ಯಾರ, ಬರ್ತಾರ, ಕುಂದ್ರಿ ಅಂದೆ. ಹಡಗಲಿಯಿಂದ ಬಂದೀನಿ ಅಂತ ಮಲ್ಲಿಗಿ ಹೂವು, ಬದನೆಕಾಯಿ ಕೈಯಾಗ ಕೊಟ್ರು. ಇಷ್ಟು ಪ್ರೀತಿಲೆ ಬಂದವರನ್ನ ಯಾರು ನೀವು ಅಂತ ಕೇಳಾಕ ಬರ್ತದೇನು? ಊಟಕ್ಕ ಹಾಕಿದೆ."

"ಹಡಗಲಿ ಕಡೆ ನನಗ್ಯಾರೂ ಇಲ್ಲಲ್ಲೇ!"

ನಮ್ಮ ಪಿಸುಮಾತಿಗೆ ಹಿರಿಯರಿಗೆ ಎಚ್ಚರವಾಯಿತು. ನಾನು ಪಡಸಾಲೆಗೆ ಬಂದದ್ದನ್ನು ನೋಡಿ, ಎದ್ದು ಕೂತು, ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. "ಬರ್ರಿ, ಕುಂದ್ರಿ. ಯಜಮಾನ್ರು ಇನ್ನಾ ಬಂದಿಲ್ಲ. ನಾನೂ ಅವರಿಗೇ ಕಾಯಾಕತ್ತೀನಿ."

ಅಷ್ಟು ಗೌರವದಿಂದ ಹೇಳಿದ ಮೇಲೆ ಮಾಡುವುದೇನು, ನನ್ನ ಮನೆಯಲ್ಲಿ ನಾನು ನನಗಾಗಿ ಕಾಯುತ್ತಾ ಕೂತೆ.

ಎರಡು ಮಾತಾಡಿದ ಮೇಲೆ ತಿಳಿಯಿತು, ಅವರು ಎದುರು ಮನೆಯ ಸಾಹುಕಾರರ ದೂರದ ನೆಂಟರು. ನನ್ನ ಹೆಂಡತಿಯನ್ನು ಸಾಹುಕಾರರ ಮನೆಯ ಯಾರೋ ಹೆಣ್ಣುಮಗಳು ಅಂದುಕೊಂಡಿದ್ದರು. ಕೈಹಿಡಿದು ರಸ್ತೆ ದಾಟಿಸಿ ಬಿಟ್ಟು ಬಂದೆ. ಅವರು ತಂದ ಸಾಮಾನನ್ನಾದರೂ ಕಳಿಸೋಣವೆಂದರೆ, ಮಲ್ಲಿಗೆ ನನ್ನ ಹೆಂಡತಿಯ ಮುಡಿಯಲ್ಲಿತ್ತು, ಬದನೆಕಾಯಿ ಆ ಹಿರಿಯರ ಹೊಟ್ಟೆಯಲ್ಲೇ ಇತ್ತು.

ಕಾಲಿಡಬಾರದು

ಇಪ್ಪತ್ತನೇ ನಿಯಮ ನನಗಾಗಿಯೇ ಹುಟ್ಟಿದ್ದು: "ಬಡಾವಣೆಯೊಳಗೆ ದನ, ಎಮ್ಮೆ, ಕುರಿ, ಆಡು ಕಾಲಿಡಬಾರದು." ನಾನೇ ಕೈಯಾರೆ ಬರೆದು ಗೇಟಿಗೆ ಅಂಟಿಸಿದೆ.

ಮೂರನೇ ದಿನ ಒಬ್ಬ ರೈತ ಆಡನ್ನು ಹೆಗಲ ಮೇಲೆ ಹೊತ್ತುಕೊಂಡು ನಮ್ಮ ಮನೆ ಮುಂದೆ ನಿಂತಿದ್ದ. ಹಿಂದೆಯೇ ಅಧ್ಯಕ್ಷರು. "ಗೇಟಿನಾಗ ಬರದದ್ದು ಓದಲಿಲ್ಲೇನು?"

"ಓದಿದೆ ಸಾಹೇಬ್ರ. ಅದಕ್ಕ ಹೊತಗೊಂಡು ಬಂದೀನಿ. ಅದರ ಕಾಲು ಎಲ್ಲಾರ ನೆಲಕ್ಕ ಮುಟ್ಟೈತೇನು ನೋಡ್ರಿ."

ಅಧ್ಯಕ್ಷರು ಬಗ್ಗಿ ನೋಡಿದರು. ನಾಲ್ಕೂ ಕಾಲು ಗಾಳಿಯಲ್ಲಿದ್ದವು. ನಿಯಮ ನಿಯಮವೇ, ಬಿಟ್ಟರು. ಮಾರನೇ ವಾರ ಒಬ್ಬ ಲಗೇಜ್ ಆಟೋದಲ್ಲಿ ಹಸುವನ್ನೇ ನಿಲ್ಲಿಸಿಕೊಂಡು ಬಂದ. ಅದೂ ನೆಲಕ್ಕೆ ಕಾಲಿಡಲಿಲ್ಲ. ಸಗಣಿಯನ್ನು ಮಾತ್ರ ಅಧ್ಯಕ್ಷರ ಮನೆ ಮುಂದೆ, ಆಟೋದಿಂದಲೇ, ನಿಯಮ ಮೀರದಂತೆ ಹಾಕಿತು.

ಭೇಟಿಯ ಉದ್ದೇಶ

ಗೇಟಿನಲ್ಲಿ ಒಂದು ರಿಜಿಸ್ಟರ್ ಇದೆ. ಹೊರಗಿನಿಂದ ಬಂದವರು ಹೆಸರು, ಊರು, ಯಾರ ಮನೆ, ಯಾವ ಉದ್ದೇಶ ಎಲ್ಲ ಬರೆಯಬೇಕು. ಇದರಿಂದ ಕಳ್ಳತನ ನಿಂತಿತು, ಸುಳ್ಳಲ್ಲ. ಜೊತೆಗೆ ಗುಟ್ಟೂ ನಿಂತಿತು.

ಸಾಹುಕಾರರ ಮಗಳು ಹಗರಿಬೊಮ್ಮನಹಳ್ಳಿಯ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾಳೆ. ಅವಳನ್ನು ನೋಡಲು ಕಾನಹೊಸಹಳ್ಳಿಯಿಂದ ಗಂಡಿನ ಕಡೆಯವರು ಬಂದರು. ಪಾಪ, ಪ್ರಾಮಾಣಿಕರು. ಉದ್ದೇಶದ ಜಾಗದಲ್ಲಿ "ಹೆಣ್ಣು ನೋಡಲು" ಎಂದು ಬರೆದರು. ಅವರು ಚಪ್ಪಲಿ ಬಿಡುವಷ್ಟರಲ್ಲಿ ಸುದ್ದಿ ಎಲ್ಲ ಮನೆ ಮುಟ್ಟಿತ್ತು. ಹನ್ನೊಂದು ಜನ ಹೆಂಗಸರು ಬಟ್ಟಲು ಹಿಡಿದು ಸಾಹುಕಾರರ ಮನೆಗೆ ಸಕ್ಕರೆ ಕೇಳಲು ಹೋದರು. ಅಧ್ಯಕ್ಷರು ಕಾರು ಸರಿಯಾಗಿ ನಿಲ್ಲಿಸಿದ್ದಾರೋ ಇಲ್ಲವೋ ನೋಡಲು ಹೋದರು. ಊರಿಗೆ ಹೋಗಿ ಗಂಡಿನ ಕಡೆಯವರು ಹೇಳಿ ಕಳಿಸಿದರು: "ಅಷ್ಟು ಮಂದ್ಯಾಗ ಹುಡುಗಿ ಯಾವಾಕಿ ಅಂತ ಗೊತ್ತಾಗಲಿಲ್ಲ."

ಸಾಹುಕಾರರು ನನ್ನ ಬಳಿ ಬಂದು ಕಣ್ಣೀರು ಹಾಕುವುದೊಂದು ಬಾಕಿ. "ಇನ್ನೊಂದು ಸಂಬಂಧ ಹಿಂಗ ಮುರದ್ರ ನಾನು ಈ ಮನಿ ಬಿಟ್ಟು ಹೋಗಾಂವ ನೋಡ್ರಿ."

ಅದಕ್ಕೇ ಎರಡನೇ ಸಲ ಹರಪನಹಳ್ಳಿಯಿಂದ ಬರುವವರಿಗೆ ಅವರು ಮೊದಲೇ ಫೋನಿನಲ್ಲಿ ಹೇಳಿಕೊಟ್ಟರು: "ರಿಜಿಸ್ಟರ್‌ನಾಗ ನಮ್ಮ ಹೆಸರು ಬ್ಯಾಡ. ಡಾಕ್ಟ್ರ ಮನಿ, ಎಮ್ಮಿ ನೋಡಾಕ ಅಂತ ಬರೀರಿ." ಈ ಉಪಾಯವನ್ನು ನನಗೆ ಹೇಳಲು ಮಾತ್ರ ಮರೆತರು. ವಾಚ್‌ಮನ್ ನಿಯತ್ತಿನ ಮನುಷ್ಯ. ಬರೆದದ್ದನ್ನು ಓದಿ, ಅವರನ್ನು ನಮ್ಮ ಬಾಗಿಲವರೆಗೆ ತಂದು ಬಿಟ್ಟು ಹೋದ. ಗುಟ್ಟಿಗಾಗಿ ಮಾತುಕತೆ ಇಲ್ಲೇ ಇಟ್ಟಿರಬೇಕು ಎಂದುಕೊಂಡು ಅವರೂ ಒಳಗೆ ಬಂದರು.

ನಾನೋ, ಚಿಗಟೇರಿಯ ಪರಿಚಯದ ರೈತನೊಬ್ಬನ ಎಮ್ಮೆಗೆ ಗಿರಾಕಿ ಹುಡುಕುತ್ತಿದ್ದೆ. ಸಾಹುಕಾರರಿಗೂ ಹೇಳಿಟ್ಟಿದ್ದೆ.

"ಸಾಹುಕಾರ್ರು ಹೇಳಿದ್ರು. ನೋಡಿ ಹೋಗಾಣ ಅಂತ ಬಂದ್ವಿ," ಎಂದರು ಹುಡುಗನ ತಂದೆ. ಜೊತೆಗೆ ಹುಡುಗ, ಹುಡುಗನ ತಾಯಿ. ಒಂದು ಎಮ್ಮೆಗೆ ಸಂಸಾರ ಸಮೇತ ಬಂದಿದ್ದಾರಲ್ಲ, ಕಾಳಜಿಯ ಜನ ಎಂದುಕೊಂಡೆ.

"ಬರ್ರಿ, ಕುಂದ್ರಿ. ಆದ್ರ ಈಗ ಇಲ್ಲಿಲ್ಲ, ಚಿಗಟೇರಿಯಾಗ ಐತಿ."

ನಮ್ಮ ಕಡೆ ಮನೆಯ ಮಗಳಿಗೂ 'ಐತಿ', ಎಮ್ಮೆಗೂ 'ಐತಿ'. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

"ಇಲ್ಲೇ ಇರ್ತೈತೆ ಅಂದಿದ್ರಲ್ಲ?"

"ಇಲ್ಲಿ ಇಟ್ಟುಕೊಳ್ಳಾಕ ನಮ್ಮ ಸಂಘ ಬಿಡಬೇಕಲ್ರಿ!"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ತಾಯಿ ಕೇಳಿದರು, "ಇರ್ಲಿ. ಗುಣ ಹೆಂಗ್ರಿ?"

"ಗುಣಕ್ಕ ಎರಡು ಮಾತಿಲ್ಲ. ಬಾಳ ಸಾಧು. ಹೊಸಬರನ್ನ ಕಂಡ್ರ ಮಾತ್ರ ಒಮ್ಮೊಮ್ಮೆ ಒದಿತೈತಿ."

ಹುಡುಗ ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡ.

"ಹೆದರಬ್ಯಾಡಪ್ಪ," ಎಂದೆ ಅವನಿಗೆ. "ಮೊದಲ ನಾಕು ದಿನ ಅಷ್ಟ. ಬೆನ್ನು ಸವರಿ ಹೆಸರು ಹಿಡದು ಕರದ್ರ ತಾನಾಗೇ ಹಿಂದ ಬರ್ತೈತಿ."

ತಾಯಿ ದನಿ ತಗ್ಗಿಸಿದರು. "ಆರೋಗ್ಯ?"

"ಈಗ ಗಟ್ಟಿಮುಟ್ಟು ಐತ್ರಿ. ಎರಡನೇ ಹೆರಿಗಿಗೆ ಸ್ವಲ್ಪ ತ್ರಾಸ ಆಗಿತ್ತು. ನಾನೇ ಹೋಗಿ ಮಾಡಿಸಿದೆ."

ಹುಡುಗನ ತಂದೆಯ ಕೈಯಲ್ಲಿದ್ದ ಚಹಾ ಅಲ್ಲೇ ನಿಂತಿತು. "ಎರಡನೇ... ಹೆರಿಗೀನಾ?"

"ಚಿಂತಿ ಮಾಡಬ್ಯಾಡ್ರಿ. ಮೂರನೇದು ನಿಮ್ಮ ಮನ್ಯಾಗ ಸಲೀಸಾಗಿ ಆಕ್ಕೈತಿ."

ತಾಯಿ ಎದ್ದವರೇ ಸೆರಗು ಬಿಗಿದುಕೊಂಡು ಹೊರಗೆ ನಡೆದರು. ಹಿಂದೆ ಗಂಡ, ಮಗ. ಮಂಡಕ್ಕಿ ಮಿರ್ಚಿ ತಟ್ಟೆ ಹಿಡಿದು ಬಂದ ನನ್ನ ಹೆಂಡತಿ ಕಿಟಕಿಯಿಂದ ಎದುರು ಮನೆಯ ಕಡೆ ನೋಡಿದಳು. ಬಾಗಿಲಲ್ಲಿ ದೊಡ್ಡ ರಂಗೋಲಿ, ಒಳಗೆ ಹೊಸ ಸೀರೆಯ ಓಡಾಟ. "ಅಯ್ಯೋ, ಇವರು ಎಮ್ಮಿ ನೋಡಾಕ ಬಂದವರಲ್ಲರೀ!" ಎಂದು ಕಿರುಚಿದಳು.

ನಾನು ಓಡಿ ರಸ್ತೆಗೆ ಬಂದರೆ, ಹುಡುಗನ ತಂದೆ ಸಾಹುಕಾರರನ್ನು ಹೊರಗೆ ಕರೆದು, "ಎರಡು ಹೆರಿಗಿ ಆಗಿದ್ದನ್ನ ನಮಗ್ಯಾಕ ಮುಚ್ಚಿಟ್ರಿ?" ಎಂದು ಕೂಗುತ್ತಿದ್ದರು. ಮೂವತ್ತೆರಡೂ ಮನೆಯ ಬಾಗಿಲು ತೆರೆದಿದ್ದವು. ಅಧ್ಯಕ್ಷರ ಸೀಟಿ ಯಾರಿಗೂ ಕೇಳಿಸುತ್ತಿರಲಿಲ್ಲ.

"ಎಮ್ಮಿ ರೀ! ನಾನು ಹೇಳಿದ್ದು ಎಮ್ಮಿ!" ಎಂದು ನಡುವೆ ನಿಂತು ಅಂಗಲಾಚಿದೆ. "ಹುಡುಗಿ ಬಂಗಾರದಂತಾಕಿ! ಒದಿಯಾಕಿ ಅಲ್ಲ!"

ಆಗ ಬಾಗಿಲಲ್ಲಿ ನಿಂತಿದ್ದ ಹುಡುಗಿ ಹೊರಗೆ ಬಂದು ನನ್ನನ್ನು ನೋಡಿ ಹೇಳಿದಳು: "ಕಾಕಾ, ಎರಡು ಹೆರಿಗಿ ಮಾಡಿಸೀರಿ. ನನಗೊಂದು ಮಾತು ಹೇಳಬಾರದಿತ್ತೇನ್ರಿ?"

ಮೊದಲು ನಕ್ಕವನು ಹುಡುಗ. ಆಮೇಲೆ ಹುಡುಗಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುವುದನ್ನು ಕಂಡು ಹುಡುಗನ ತಾಯಿಯೂ ಸೆರಗು ಬಾಯಿಗಿಟ್ಟುಕೊಂಡರು. ಎಲ್ಲರೂ ಸಾಹುಕಾರರ ಮನೆಯೊಳಗೆ ಹೋದರು. ನನ್ನನ್ನು ಯಾರೂ ಕರೆಯಲಿಲ್ಲ, ನಾನೂ ಹೋಗುವ ಧೈರ್ಯ ಮಾಡಲಿಲ್ಲ. ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದೆ. ಒಂದು ಗಂಟೆಯ ಮೇಲೆ ಸಾಹುಕಾರರು ಕಿಟಕಿಯಿಂದ ಕೈ ಎತ್ತಿ ತೋರಿಸಿದರು. ಒಪ್ಪಿಗೆಯಾಗಿತ್ತು.

ಹೊರಟವರಲ್ಲಿ ಹುಡುಗನ ತಂದೆ ಕಾರು ಹತ್ತದೆ ನೆಟ್ಟಗೆ ನನ್ನ ಕಡೆ ನಡೆದು ಬಂದರು. ಬೈಯಲಿ, ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ ಎಂದು ಎದ್ದು ನಿಂತೆ. ಅವರು ಹಿಂದೆ ಮುಂದೆ ನೋಡಿ, ನನ್ನ ಹೆಗಲ ಮೇಲೆ ಕೈಯಿಟ್ಟು, ತಮ್ಮ ಹೆಂಡತಿಗೆ ಕೇಳದಂತೆ ಮೆಲ್ಲಗೆ ಕೇಳಿದರು:

"ಅದಿರ್ಲಿ ಡಾಕ್ಟ್ರೇ, ಚಿಗಟೇರಿದು ಹಾಲು ಎಷ್ಟು ಕೊಡ್ತೈತೆ?"