ಎಣಿಕೆಗಿಂತ ಒಂದು ತಲೆ ಹೆಚ್ಚು

ನಮ್ಮಣ್ಣನಿಗೆ ಎಣಿಸಲು ಬರುವುದಿಲ್ಲ. ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ! ಮೆಲ್ಬೋರ್ನಿನ ದೊಡ್ಡ ಕಂಪನಿಯೊಂದರಲ್ಲಿ ಇಡೀ ದಿನ ಅಂಕಿಸಂಖ್ಯೆಗಳನ್ನೇ ತಿದ್ದುವ ಈ ಮನುಷ್ಯ, ತಲೆ ಎಣಿಸಲು ನಿಂತರೆ ಮಾತ್ರ ಯಾವಾಗಲೂ ಒಂದು ಹೆಚ್ಚು ಹೇಳುತ್ತಾನೆ. ಅವನ ಮನೆಯಲ್ಲಿರುವುದು ನಾಲ್ವರು. ಕಾರು ಹೊರಡುವ ಮುನ್ನ ಹಿಂದಕ್ಕೆ ತಿರುಗಿ "ಐದು, ಸರಿ" ಎನ್ನುತ್ತಾನೆ. ಹೋಟೆಲಿನಲ್ಲಿ ಐವರಿಗೆ ಟೇಬಲ್ ಬುಕ್ ಮಾಡುತ್ತಾನೆ.

"ಐದನೆಯವರು ಯಾರ್ರೀ?" ಎಂದು ಅತ್ತಿಗೆ ಕೇಳಿದರೆ, "ಒಂದು ಕುರ್ಚಿ ಜಾಸ್ತಿ ಇದ್ರೆ ನಿನ್ ಗಂಟೇನು ಹೋಗುತ್ತೆ? ಇರ್ಲಿ ಬಿಡೆ" ಎಂಬ ಉತ್ತರ.

ಇಂಥವನ ಕೈಗೆ ಮೆಲ್ಬೋರ್ನಿನ ಅಂಚಿನ ವೆರಿಬೀಯ ಕನ್ನಡದವರು ತಮ್ಮ ಮಕ್ಕಳನ್ನು ಒಪ್ಪಿಸುತ್ತಾರೆ! ಇಲ್ಲಿನ ಪ್ರೈಮರಿ ಶಾಲೆಗಳು ಮಕ್ಕಳನ್ನು ಎರಡು ಮೂರು ದಿನ ಕ್ಯಾಂಪಿಗೆ ಕರೆದೊಯ್ಯುತ್ತವೆ. ಆ ಸುದ್ದಿ ಕೇಳಿದರೇ ನಮ್ಮವರಿಗೆ ಜ್ವರ. ಊಟಕ್ಕೇನು ಗತಿ? ಜಡೆ ಯಾರು ಹಾಕುತ್ತಾರೆ? ಅದಕ್ಕೇ ಅಣ್ಣ ತನ್ನ ಹಿತ್ತಲಿನಲ್ಲಿ ಟೆಂಟು ಹೊಡೆದು, ಹೆದರಿದವರ ಮಕ್ಕಳಿಗೆ ಒಂದು ರಾತ್ರಿಯ 'ರಿಹರ್ಸಲ್ ಕ್ಯಾಂಪ್' ನಡೆಸುತ್ತಾನೆ. ತಮ್ಮ ಚೀಲ ತಾವೇ ತುಂಬಬೇಕು, ತಮ್ಮ ತಟ್ಟೆ ತಾವೇ ತೊಳೆಯಬೇಕು, ಒಂದೊಂದು ಸಾಕ್ಸಿನ ಮೇಲೂ ಹೆಸರು ಬರೆಯಬೇಕು. ಅಮ್ಮನ ಕೈತುತ್ತಿಲ್ಲದೆ ಊಟವನ್ನೇ ಮಾಡದ ಹುಡುಗನೊಬ್ಬ ಮನೆಗೆ ಮರಳಿದವನೇ ತಟ್ಟೆ ತೊಳೆದಿಟ್ಟನಂತೆ. ಅವನ ತಾಯಿ ಗಾಬರಿಯಿಂದ ಫೋನ್ ಮಾಡಿದರು: "ಸಾರ್, ನೀವು ವಾಪಸ್ ಕಳ್ಸಿರೋದು ನಮ್ ಹುಡುಗನ್ನೇ ತಾನೇ?"

ನಾನು ಸಿಡ್ನಿಯವನು. ಅಲ್ಲಿನ ಮ್ಯಾಕ್ವೆರಿ ಪಾರ್ಕ್ ಬಡಾವಣೆಯಲ್ಲಿ ಕೆಲಸ, ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ.; ಲೆಕ್ಕಕ್ಕೆ ಸಿಗದ್ದನ್ನು ನಂಬುವವನಲ್ಲ. ಒಂಬತ್ತು ವರ್ಷದ ನನ್ನ ಮಗಳ ಶಾಲೆಯಿಂದಲೂ ಕ್ಯಾಂಪಿನ ಫಾರ್ಮ್ ಬಂದಿತ್ತು. ಸೋಮವಾರ ಕಡೆಯ ದಿನ. ನಾನು ಸಹಿ ಹಾಕುವುದಿಲ್ಲ ಎಂದಿದ್ದೆ. ಅವಳು ನನ್ನೊಡನೆ ಮಾತು ಬಿಟ್ಟು ಮೂರು ದಿನವಾಗಿತ್ತು.

ನನಗೂ ಕಾರಣವಿತ್ತು. ಅದೇ ವಯಸ್ಸಿನಲ್ಲಿ ನಾನೂ ಅಣ್ಣನೂ ಶಾಲೆಯಿಂದ ಮೂರು ದಿನ ಚಿತ್ರದುರ್ಗಕ್ಕೆ ಹೋಗಿದ್ದೆವು. ಕೋಟೆಯ ಮೆಟ್ಟಿಲು, ಉಳಿದುಕೊಂಡ ಛತ್ರದ ಉದ್ದನೆಯ ಹಜಾರ, ಅಲ್ಲಿ ತುಂಬಿದ್ದ ಬೇವಿನ ವಾಸನೆ, ಕೊನೆಯ ಚಾಪೆಯಲ್ಲಿ ನಾನು, ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಆ ಮೂರು ದಿನ ನನ್ನೊಡನೆ ಯಾರೂ ಒಂದು ಮಾತೂ ಆಡಲಿಲ್ಲ! ಕೂಗಿದರೆ ಗೆಳೆಯರು ತಿರುಗಲಿಲ್ಲ. ಮೇಷ್ಟ್ರ ಕಣ್ಣು ನನ್ನ ಮೇಲೆ ಹಾದು ಹಿಂದಿನ ಗೋಡೆಗೆ ಹೋಗಿ ನಿಲ್ಲುತ್ತಿತ್ತು. ಅಂಥ ಒಂಟಿತನಕ್ಕೆ ಮಗಳನ್ನು ಕಳಿಸಲೆ?

ಕೊನೆಗೆ ಹೆಂಡತಿಯ ಕಾಟ ತಾಳದೆ ಆ ಶನಿವಾರ ಮಗಳನ್ನು ವಿಮಾನದಲ್ಲಿ ಅಣ್ಣನ ರಿಹರ್ಸಲ್ಲಿಗೆ ಕರೆದೊಯ್ದೆ. ಭಾನುವಾರ ಬಿಸಿಲೇರುವ ಹೊತ್ತಿಗೆ ಎಂಟು ಮಕ್ಕಳು ಹುಲ್ಲಿನ ಮೇಲೆ ಸಾಲಾಗಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ಅಣ್ಣ ಎಣಿಸಿದ. "ಒಂಬತ್ತು, ಸರಿ."

ತಪ್ಪು ತೋರಿಸೋಣವೆಂದು ನಾನೂ ಎಣಿಸಿದೆ. ಒಂಬತ್ತು! ಮತ್ತೆ ಎಣಿಸಿದೆ. ಹೆಸರು ಹಿಡಿದು ಕರೆದರೆ ಎಂಟು, ಬೆರಳು ಮಡಚಿದರೆ ಒಂಬತ್ತು. ಯಾವುದೋ ಮಗುವನ್ನು ಎರಡು ಸಲ ಎಣಿಸಿರಬೇಕು ಎಂದು ತೀರ್ಮಾನಿಸಿದೆ. ಎಂ.ಎಸ್ಸಿ. ಓದಿದ್ದು ಮತ್ತೇಕೆ? ಆದರೆ ಟೆಂಟಿನೊಳಗೆ ಹಾಸಿಗೆಗಳೂ ಒಂಬತ್ತಿದ್ದವು. ಕೊನೆಯದೊಂದು ಚಾಪೆ. ಅದರ ಮೇಲಿನ ಹೊದಿಕೆ ಯಾರೋ ಈಗಷ್ಟೇ ಒದ್ದು ಎದ್ದಂತೆ ಮುದುಡಿತ್ತು.

"ಅಲ್ಲಿ ಯಾರು ಮಲ್ಗಿದ್ರು ಪುಟ್ಟಿ?"

ಮೂರು ದಿನದ ಮೌನ ಮುರಿದು ಮಗಳು ಹೇಳಿದಳು: "ಐ ಡೋಂಟ್ ನೋ, ಅಪ್ಪಾ. ಹಿ ಡಸಂಟ್ ಟಾಕ್."

ಅಣ್ಣನನ್ನು ಪಕ್ಕಕ್ಕೆ ಎಳೆದೆ. "ನಿನ್ ಹುಚ್ಚನ್ನ ಮಕ್ಳಿಗೂ ಹಿಡಿಸಿದ್ದೀಯ. ಚಿತ್ರದುರ್ಗದಲ್ಲಿ ನಾನು ಪಟ್ಟಿದ್ದೇ ಸಾಕು. ಸಹಿ ಹಾಕಲ್ಲ ಅಂದ್ರೆ ಹಾಕಲ್ಲ."

ಅಣ್ಣ ನನ್ನನ್ನೇ ನೋಡಿದ. "ನೀನೆಲ್ಲೋ ಬಂದಿದ್ದೆ ಚಿತ್ರದುರ್ಗಕ್ಕೆ?"

"ಏನು?"

"ಹೊರಡೋ ದಿನಾನೇ ನಿಂಗೆ ಚಿಕನ್‌ಪಾಕ್ಸ್ ಬಂತಲ್ಲೋ. ಅಮ್ಮ ಬೇವಿನ ಸೊಪ್ಪಿನ ಮೇಲೆ ಮಲಗ್ಸಿದ್ರು. ನೀನು ಕಿಟಕೀಲಿ ನಿಂತು ಅಳ್ತಾ ಇದ್ದೆ. ವಾಪಸ್ ಬಂದ್ಮೇಲೆ ದಿನಾ ನಿಂಗೆ ಕತೆ ಹೇಳ್ತಿದ್ನಲ್ಲ, ಮರ್ತೋಯ್ತಾ?"

ಬೇವಿನ ವಾಸನೆ! ನನ್ನ ಕಾಲ ಕೆಳಗಿನ ವೆರಿಬೀ ಒಂದು ಗಳಿಗೆ ಇರಲಿಲ್ಲ.

ಅಣ್ಣ ನಾಚಿಕೊಂಡು ಹೇಳಿದ: "ಮೇಷ್ಟ್ರು ಎಣಿಸ್ದಾಗೆಲ್ಲ ನಿನ್ ಬದ್ಲು ನಾನೇ ಒಂದು ನಂಬರ್ ಕೂಗ್ತಿದ್ದೆ ಕಣೋ. ಒಂದು ಚಾಪೇನೂ ಹಾಸ್ತಿದ್ದೆ. ನಲವತ್ತು ಮಕ್ಳು, ಎಣಿಕೆ ನಲವತ್ತೊಂದು. ಸರಿಯಾಗಿ ಏಟು ತಿಂದೆ. ಅಭ್ಯಾಸ ಮಾತ್ರ ಹೋಗ್ಲಿಲ್ಲ."

ಅಲ್ಲೇ ಕೂತು, ಮಗಳು ಚೀಲದಲ್ಲಿ ತಂದಿದ್ದ ಫಾರ್ಮಿಗೆ ಸಹಿ ಹಾಕಿದೆ.

ಕ್ಯಾಂಪಿನ ಬೆಳಿಗ್ಗೆ ಸಿಡ್ನಿಯ ಶಾಲೆಯ ಮುಂದೆ ಬಸ್ಸು ನಿಂತಿತ್ತು. ತಾನೇ ತುಂಬಿದ ಚೀಲ ಹೊತ್ತು ಮಗಳು ಕಿಟಕಿಯ ಪಕ್ಕ ಕೂತಳು. ಟೀಚರ್ ತಲೆ ಎಣಿಸಿದರು, ನಿಂತರು, ಕೈಯಲ್ಲಿದ್ದ ಪಟ್ಟಿ ನೋಡಿ ಮೊದಲಿನಿಂದ ಎಣಿಸಿದರು, ತಲೆ ಕೆರೆದುಕೊಂಡು ನಕ್ಕರು. ಮಗಳು ಪಕ್ಕದ ಖಾಲಿ ಸೀಟಿನಿಂದ ತನ್ನ ಚೀಲವನ್ನು ತೆಗೆದು ಕಾಲ ಬಳಿ ಇಟ್ಟುಕೊಂಡಳು.

ಫುಟ್‌ಪಾತಿನಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಅಣ್ಣ.

"ಎಣಿಕೆ ಎಷ್ಟಾಯ್ತೋ?"

"ಒಂದು ಜಾಸ್ತಿ."

ಬಸ್ಸು ಹೊರಟಿತು.

"ಸರಿ," ಎಂದ ಅಣ್ಣ. "ಈ ಸಲ ಆದ್ರೂ ಹೋಗಿ ಬಾರೋ."