ಗೇಟು ಹಾಕಿಸಿದ ಧನಿಗಳಿಗೆ

ಮಲ್ಪೆ, ನವೆಂಬರ್ ೧೯೮೪

ಮಾನ್ಯ ಶ್ರೀ ರಘುಪತಿ ರಾಯರೇ,

ಹಿಮಸಾಗರ ಐಸ್ ಪ್ಲಾಂಟಿನ ಧನಿಗಳೂ, ಸಭೆ ಸಮಾರಂಭಗಳ ಅಧ್ಯಕ್ಷ ಪೀಠಕ್ಕೆ ಹೇಳಿ ಮಾಡಿಸಿದಂಥವರೂ, ನನ್ನ ಗಂಡನ ಎಡಗಣ್ಣಿನ ವಿಷಯದಲ್ಲಿ ಈವರೆಗೆ ಒಂದು ಮಾತನ್ನೂ ಆಡದೆ ಘನತೆ ಕಾಪಾಡಿಕೊಂಡು ಬಂದವರೂ ಆದ ತಮಗೆ ಮಲ್ಪೆಯ ಪ್ರಾಥಮಿಕ ಶಾಲೆಯ ಅಧ್ಯಾಪಕಿ ವೆರೊನಿಕಾಳ ವಂದನೆಗಳು. ತಮ್ಮಂಥವರಿಗೆ ಬರೆಯುವಾಗ ಲಕೋಟೆ ಅಂಟಿಸಿ ಕಳುಹಿಸುವುದು ಮರ್ಯಾದೆಯಲ್ಲವೆಂದೂ, ತಮ್ಮ ಗುಣಗಳನ್ನು ಊರಿನ ನಾಲ್ಕು ಜನ ಓದಬೇಕೆಂದೂ ತೋರಿದ್ದರಿಂದ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನನ್ನ ಗಂಡ ಪ್ಯಾಟ್ರಿಕ್ ನಮ್ಮ ಮದುವೆಗೆ ಮೊದಲಿನಿಂದಲೂ ತಮ್ಮ ಪ್ಲಾಂಟಿನ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದವರು. ಕಳೆದ ತಿಂಗಳ ಆ ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ಅವರಿಗೆ ತಿಂಡಿ ಕೊಡೋಣವೆಂದು ನಾನು ತಮ್ಮ ಅಂಗಳದೊಳಗೆ ಕಾಲಿಟ್ಟಿದ್ದೆ. ಹೊರಗೆ ಬೋಟು ನಿಲ್ಲುವ ದಕ್ಕೆಯಲ್ಲಿ ಮೀನಿನ ಏಲಂ ನಡೆಯುತ್ತಿತ್ತು. ಒಳಗಿನಿಂದ ಐಸು ಕಟ್ಟಿಸುವ ಗ್ಯಾಸಿನ ಕೊಳವೆ ಬಿರಿದ ಸದ್ದು ಬಂತು, ಅದರ ಹಿಂದೆಯೇ ಮೂಗು, ಗಂಟಲು, ಕಣ್ಣು ಮೂರನ್ನೂ ಒಟ್ಟಿಗೆ ಸುಡುವ ಅಮೋನಿಯಾ ವಾಸನೆ. ಕೆಲಸದವರೆಲ್ಲ ಕೆಮ್ಮುತ್ತ ಹೊರಗೆ ಓಡಿ ಬಂದರು. ವಾಲ್ವು ಮುಚ್ಚದಿದ್ದರೆ ಗ್ಯಾಸು ಏಲಂನ ಜನರ ಮೇಲೆಯೇ ಹೋಗುತ್ತದೆಂದು ತಿಳಿದಿದ್ದ ಪ್ಯಾಟ್ರಿಕ್ ಮಾತ್ರ ತಿರುಗಿ ಒಳಗೆ ಹೋದರು. ಇದು ಅವರ ತಪ್ಪು. ತಮ್ಮ ಪ್ಲಾಂಟಿನಲ್ಲಿ ಇದ್ದುಕೊಂಡು ಪರರ ಜೀವದ ಚಿಂತೆ ಮಾಡುವ ಕೆಟ್ಟ ಅಭ್ಯಾಸ ಅವರಿಗೆ ಎಲ್ಲಿಂದ ಬಂತೋ ತಿಳಿಯದು.

ಗ್ಯಾಸಿಗೆ ಹಾಕಿಕೊಳ್ಳುವ ಮುಖವಾಡ ತಮ್ಮಲ್ಲಿ ಇಲ್ಲವೆಂದು ಯಾರಾದರೂ ಹೇಳಿದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ. ಉಂಟು, ಆಫೀಸಿನ ಕಬ್ಬಿಣದ ಕಪಾಟಿನಲ್ಲಿ, ಫ್ಯಾಕ್ಟರಿ ಇನ್ಸ್‌ಪೆಕ್ಟರರು ಬಂದಾಗ ಒರೆಸಿ ತೋರಿಸುವಷ್ಟು ಹೊಸದಾಗಿ ಉಂಟು. ಐಸ್ ಗಡ್ಡೆ ಹೊರುವ ಕಾಸಿಂ ಅದನ್ನು ತರಲು ಓಡಿದಾಗ, ಕಪಾಟಿನ ಬೀಗದ ಕೈ ಮ್ಯಾನೇಜರ್ ಹೃಷೀಕೇಶರ ಜೇಬಿನಲ್ಲಿ ಕಾರ್ಕಳದ ಮದುವೆ ಊಟಕ್ಕೆ ಹೋಗಿತ್ತು. ಮುಂದಿನ ಸಲ ಗ್ಯಾಸು ಸೋರುವ ಮೊದಲು ಮ್ಯಾನೇಜರಿಗೆ ಒಂದು ಕಾರ್ಡು ಬರೆದು ಅವರ ಬಿಡುವು ಕೇಳಿಕೊಳ್ಳಬೇಕೆಂದು ತಾವು ಅಮೋನಿಯಾಕ್ಕೆ ಆಜ್ಞೆ ಹೊರಡಿಸಬೇಕಾಗಿ ಪ್ರಾರ್ಥನೆ.

ಕಾಸಿಂ ಕಾಯಲಿಲ್ಲ. ಐಸಿನ ಮೇಲೆ ಹೊದೆಸಿದ್ದ ಒದ್ದೆ ಗೋಣಿಯನ್ನು ಎಳೆದು ಮುಖಕ್ಕೆ ಸುತ್ತಿಕೊಂಡು ಒಳಗೆ ನುಗ್ಗಿದ. ನಾನು ಅವನ ಹೆಸರು ಹಿಡಿದು ಕೂಗುತ್ತಿದ್ದೆ. ಹೋಗು ಎಂದು ಕೂಗುತ್ತಿದ್ದೆನೋ ಹೋಗಬೇಡ ಎಂದೋ ನನಗೇ ಈಗ ನೆನಪಿಲ್ಲ. ಅವನು ಹೊರಗೆ ಬಂದಾಗ ಪ್ಯಾಟ್ರಿಕ್‌ರನ್ನು ಕಂಕುಳಿಗೆ ಕೈ ಹಾಕಿ ಎಳೆದುಕೊಂಡು ಬರುತ್ತಿದ್ದ. ವಾಲ್ವು ಮುಚ್ಚಿತ್ತು. ನನ್ನ ಗಂಡನ ಕಣ್ಣೂ ಮುಚ್ಚಿತ್ತು. ಗಾಳಿ ಬೀಸಿ ಬರುವ ಕಡೆಗೆ ಅವರನ್ನು ಮಲಗಿಸಿ, ಗ್ಯಾಸು ಹಿಡಿದ ಅಂಗಿಯನ್ನು ನಾವಿಬ್ಬರೂ ಹರಿದು ತೆಗೆದೆವು. ಅವರು ಮುಖವನ್ನು ಅತ್ತಿತ್ತ ಹೊರಳಿಸುತ್ತ “ಉದಾಕ್, ಉದಾಕ್” ಎಂದರು. ಕೊಂಕಣಿಯಲ್ಲಿ ನೀರು ಎಂದು.

ತಮ್ಮ ಗುಮಾಸ್ತ ಜನಾರ್ದನರು ಕರುಣಾಳು. ಕೂಡಲೇ ಒಂದು ಬಾಟ್ಲಿ ಸೋಡಾ ಒಡೆಸಿ ತಂದು, “ಕುಡಿಸಿ ಟೀಚರ್, ಪಾಪ, ಬಾಯಾರಿಕೆ” ಎಂದರು.

“ಕುಡಿಯಲಿಕ್ಕೆ ಅಲ್ಲ, ಕಣ್ಣಿಗೆ. ನೀರು ಎಲ್ಲಿ ಉಂಟು?” ಎಂದೆ.

ಅಂಗಳದ ನಳ್ಳಿ ಕಳಚಿ ಹೋಗಿತ್ತು. ಮೀನು ಮಾರುವ ಹೆಂಗಸರು ಅದರಿಂದ ಕೊಡ ತುಂಬಿಸಿಕೊಳ್ಳುತ್ತಾರೆಂದು ತಾವೇ ಕಳೆದ ಬೇಸಿಗೆಯಲ್ಲಿ ತೆಗೆಸಿದ್ದೀರಂತೆ. ಉಳಿದ ನೀರೆಲ್ಲ ಗ್ಯಾಸು ತುಂಬಿದ ಕಟ್ಟಡದ ಒಳಗೆ. ನೀರನ್ನು ಕಲ್ಲು ಮಾಡಿ ಊರಿಗೆಲ್ಲ ಮಾರುವ ಕಾರ್ಖಾನೆಯ ಅಂಗಳದಲ್ಲಿ ಒಬ್ಬ ಮನುಷ್ಯನ ಕಣ್ಣು ತೊಳೆಯಲು ಒಂದು ಚೊಂಬು ನೀರು ಇರಲಿಲ್ಲ. ಇಂಥ ಮಿತವ್ಯಯವನ್ನು ನಾನು ಮಕ್ಕಳ ಪಾಠದಲ್ಲಿಯೂ ಕಂಡಿಲ್ಲ.

ಅಷ್ಟರಲ್ಲಿ ಜನಾರ್ದನರು ತಮಗೆ ಫೋನು ಮಾಡಿದರು. ಕಿಟಕಿ ತೆರೆದಿದ್ದರಿಂದ “ಆಯಿತು ಧನಿ, ಆಯಿತು” ಎನ್ನುವುದು ನನಗೆ ಕೇಳಿಸಿತು. ತಾವು ಡಾಕ್ಟರರನ್ನು ಕಳುಹಿಸುತ್ತೀರೆಂದು ನಾನು ತಿಳಿದೆ. ಜನಾರ್ದನರು ಬಂದವರೇ ಗೇಟು ಹಾಕಿ ಚಿಲಕ ಎಳೆದು ಬೀಗ ಜಡಿದರು.

“ಎಂತ ಮಾಡುತ್ತೀರಿ?” ಎಂದೆ.

“ಪೇಪರಿನವರು ಬರಬಾರದಂತೆ ಟೀಚರ್. ಧನಿಗಳು ಹೇಳಿದ್ದು. ನಾನು ಎಂತ ಮಾಡಲಿ?” ಎಂದರು, ನನ್ನ ಮುಖ ನೋಡದೆ.

ತಾವು ಕಾಪುವಿನ ಸುರಕ್ಷತಾ ಸಪ್ತಾಹದಲ್ಲಿ “ಕಾರ್ಮಿಕರು ನಮ್ಮ ಎರಡು ಕಣ್ಣುಗಳು” ಎಂದು ಭಾಷಣ ಮಾಡಿದಾಗ ನಾನು ಎದುರಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದ್ದೆ. ತಮ್ಮ ಆ ಕಣ್ಣುಗಳು ಚಿಲಕ ಹಾಕಿದ ಗೇಟಿನ ಒಳಗೆ ಉರಿಯುತ್ತಿದ್ದುವು, ಧನಿಗಳೇ.

ಗೇಟಿನ ಹೊರಗೆ ಏಲಂ ನಿಂತು ಜನ ಸೇರಿದ್ದರು. ಬೋಟಿನ ಪುತ್ತುಬ್ಬನವರು ಕಡಲಿಗೆ ಹೊರಟವರು, ತಮ್ಮ ಬೋಟಿನ ಜನರಿಗೆಂದು ಕುಡಿಯುವ ನೀರಿನ ಡ್ರಮ್ಮುಗಳನ್ನು ದಕ್ಕೆಯಲ್ಲಿ ಇಟ್ಟುಕೊಂಡಿದ್ದರು. ನಾನು ಗೇಟಿನ ಸರಳು ಹಿಡಿದು ನೀರು ಎಂದದ್ದೇ ತಡ, ಅವರು ಒಂದು ಡ್ರಮ್ಮನ್ನು ಉರುಳಿಸಿ ತಂದರು. ಮೀನು ಮಾರುವ ಗುಣವತಿಯಕ್ಕ ಬುಟ್ಟಿಯ ಮೀನನ್ನು ನೆಲಕ್ಕೆ ಸುರಿದು, ಬುಟ್ಟಿ ಕವುಚಿ ಅದರ ಮೇಲಿಂದ ಗೇಟು ಹತ್ತಿ ನಿಂತು, ತಂಬಿಗೆ ತಂಬಿಗೆಯಾಗಿ ನೀರನ್ನು ಮೇಲಿನಿಂದ ಕೊಟ್ಟರು. ಕಾಸಿಂ ತಲೆ ಹಿಡಿದ. ನಾನು ಎರಡು ಬೆರಳಿನಿಂದ ರೆಪ್ಪೆ ಬಿಡಿಸಿ ಹೊಯ್ಯುತ್ತ ಹೋದೆ. ಪ್ಯಾಟ್ರಿಕ್ ನನ್ನ ಕೈಯನ್ನು ದೂಡುತ್ತಿದ್ದರು. ಮದುವೆಯಾದಂದಿನಿಂದ ಅವರಿಗೆ ನಾನು ಇಷ್ಟು ನೋವು ಕೊಟ್ಟದ್ದಿಲ್ಲ.

“ಪ್ಯಾಟ್ರಿಕಣ್ಣ, ಸ್ವಲ್ಪ ಸಹಿಸಿ ಮಾರಾಯ್ರೇ,” ಎಂದು ಕಾಸಿಂ ಅಳುತ್ತಿದ್ದ.

ಡ್ರಮ್ಮು ಖಾಲಿಯಾದಾಗ ಪುತ್ತುಬ್ಬನವರು ಎರಡನೆಯದನ್ನು ತರಿಸಿದರು. “ಬೋಟು ನಾಳೆ ಹೋಗುತ್ತದೆ. ಈಗ ಗೇಟು ತೆಗೆಯಿರಿ ಜನಾರ್ದನರೇ, ಇಲ್ಲದಿದ್ದರೆ ನಾವು ತೆಗೆಯುತ್ತೇವೆ” ಎಂದರು. ಜನಾರ್ದನರು ಕಚೇರಿಯ ಕಡೆ ನೋಡಿದರು, ಮತ್ತೆ ಫೋನು ಮಾಡಬೇಕೋ ಎಂಬಂತೆ. ಆಮೇಲೆ, ಅವರಿಗೆ ದೇವರು ಒಳ್ಳೆಯದು ಮಾಡಲಿ, ಬೀಗ, ಚಿಲಕ ತೆಗೆದರು. ಮೀನಿನ ಟೆಂಪೊದಲ್ಲಿ ಮಣಿಪಾಲದ ಆಸ್ಪತ್ರೆಯ ಬಾಗಿಲಿನವರೆಗೂ ನಾವು ನೀರು ಹೊಯ್ಯುತ್ತಲೇ ಹೋದೆವು.

ಬಲಗಣ್ಣು ಉಳಿಯಿತು. ಎಡಗಣ್ಣಿಗೆ ಬೆಳಕು ಮಾತ್ರ ಗೊತ್ತಾಗುತ್ತದೆ, ಆಕಾರ ಗೊತ್ತಾಗುವುದಿಲ್ಲ. ನೀರು ಬೀಳದಿದ್ದರೆ ಎರಡೂ ಹೋಗುತ್ತಿದ್ದುವು, ಇನ್ನಷ್ಟು ಬೇಗ ಬಿದ್ದಿದ್ದರೆ ಬಹುಶಃ ಎರಡೂ ಉಳಿಯುತ್ತಿದ್ದುವು ಎಂದು ಡಾಕ್ಟರರು ಹೇಳಿದರು. ಆ “ಇನ್ನಷ್ಟು ಬೇಗ” ಎಂಬುದು ತಮ್ಮ ಗೇಟಿನ ಆಚೆ ನಿಂತಿತ್ತೆಂದು ನಾನು ಅವರಿಗೆ ತಿಳಿಸಲಿಲ್ಲ. ತಮ್ಮ ಹೆಸರು ಮಣಿಪಾಲದವರೆಗೂ ಹೋಗುವುದು ತಮಗೆ ಇಷ್ಟವಾಗಲಾರದೆಂದು ಸುಮ್ಮನಿದ್ದೆ.

ತಾವು ಸುಮ್ಮನಿರಲಿಲ್ಲ. ಅಪ್ಪಣೆಯಿಲ್ಲದೆ ಐಸಿನ ಮೇಲಿನ ಗೋಣಿ ತೆಗೆದು ಸರಕು ಕರಗಿಸಿದ್ದಕ್ಕೂ, ಕೆಲಸದ ವೇಳೆಯಲ್ಲಿ ಜಾಗ ಬಿಟ್ಟು ಹೋದದ್ದಕ್ಕೂ ಕಾಸಿಂನನ್ನು ಕೆಲಸದಿಂದ ತೆಗೆದಿರಿ. ಕರಗುವುದು ಎಷ್ಟು ದೊಡ್ಡ ಅಪರಾಧವೆಂದು ತಮ್ಮನ್ನು ನೋಡಿಯೇ ನಾವು ಕಲಿಯಬೇಕು. ಅವನು ಈಗ ಪುತ್ತುಬ್ಬನವರ ಬೋಟಿನಲ್ಲಿದ್ದಾನೆ. ಅಲ್ಲಿ ಯಾರಾದರೂ ನೀರಿಗೆ ಬಿದ್ದರೆ ಎತ್ತಲು ಅಪ್ಪಣೆ ಕೇಳಬೇಕಾಗಿಲ್ಲವಂತೆ.

ತಮ್ಮ ಪ್ಲಾಂಟೂ ತಮ್ಮ ಮನಸ್ಸೂ ಸದಾ ಹೀಗೆಯೇ ತಣ್ಣಗಿರಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ವೆರೊನಿಕಾ

ತಾ. ಕ.: ಹೊಸ ಆಪರೇಟರಿಗೆ ಯಂತ್ರ ಬಗ್ಗುತ್ತಿಲ್ಲವೆಂದು ತಮ್ಮ ಮ್ಯಾನೇಜರರು ನಿನ್ನೆ ನಮ್ಮ ಮನೆಗೆ ಬಂದು ಪ್ಯಾಟ್ರಿಕ್‌ರನ್ನು ಕರೆದರು. ನನ್ನ ಗಂಡ ಒಳ್ಳೆಯವರು, ಕಾಸಿಂನನ್ನೂ ಕರೆದರೆ ಬರುತ್ತೇನೆ ಎಂದರು. ನಾನು ಅಷ್ಟು ಒಳ್ಳೆಯವಳಲ್ಲ. ತಮ್ಮ ಮೇಜು ಕುರ್ಚಿಯನ್ನು ಮಹಡಿಯಿಂದ ಇಳಿಸಿ ಕಂಪ್ರೆಸರಿನ ಪಕ್ಕದಲ್ಲಿ ಹಾಕಿಸಿ, ತಾವು ದಿನವೂ ಅಲ್ಲಿಯೇ ಕುಳಿತುಕೊಳ್ಳುವುದಾದರೆ ಮಾತ್ರ ನಾನು ಅವರನ್ನು ಕಳುಹಿಸುತ್ತೇನೆ.